ಸಂದು ಬಿಡದೆ ತುಂಬಿದ ಪೆಟ್ಟಿಗೆ

ಒಂದೂರಲ್ಲಿ ಒಬ್ಬ ಪೆದ್ದ ಇದ್ದ ಅಂತ ಶುರು ಮಾಡಿದರೆ ಆ ಊರಿನೋರು ಜಗಳಕ್ಕೆ ಬರ್ತಾರೆ, "ಒಬ್ಬನೇನಾ? ನಮ್ಮನ್ನೆಲ್ಲ ಬಿಟ್ಟುಬಿಟ್ಯಾ?" ಅಂತ. ಅದಕ್ಕೇ ಊರಿನ ಹೆಸರು ಬೇಡ. ಪೆದ್ದನ ಹೆಸರು ಮಂಟಯ್ಯ. ಅವ್ವನ ಬಾಯಲ್ಲಿ ಮಂಟ. ಮೀಸೆ ಬಂದು ಯಾವುದೋ ಕಾಲವಾಗಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು.

ಅವನ ಅಪ್ಪ ಐಸ್‌ಕ್ಯಾಂಡಿ ಮಾರ್ತಿದ್ದೋನು. ಸಾಯುವಾಗ ಬಿಟ್ಟುಹೋದದ್ದು ಎರಡೇ ಆಸ್ತಿ. ಒಂದು, ಮೇಲ್ಗಡೆ ಮುಚ್ಚಳ ಇರೋ ಉದ್ದನೆ ಕರೆಂಟಿನ ಐಸ್ ಪೆಟ್ಟಿಗೆ. ಇನ್ನೊಂದು, ಮಂಟ. ಪೆಟ್ಟಿಗೆ ಕೆಲಸ ಮಾಡ್ತಿತ್ತು.

ಅವ್ವ ನಿಂಗಾಜಮ್ಮ ಬಸ್ ನಿಲ್ದಾಣದ ಹತ್ತಿರ ಹೂ ಕಟ್ಟಿ ಮಾರೋಳು. ಕಟ್ಟಿದ ಹೂವಿನ ಕಾಸೆಲ್ಲ ಒಂದು ಡಬ್ಬಿಗೆ. ಆ ಡಬ್ಬಿಯಲ್ಲಿ ಎಷ್ಟಿದೆಯೋ ಅಷ್ಟರಲ್ಲೇ ವಾರದ ಸಂತೆ. ಒಂದು ಕಾಸು ಮೇಲೆ ಹೋಗಂಗಿಲ್ಲ, ಯಾರ ಹತ್ತಿರಾನೂ ಕೈಯೊಡ್ಡಂಗಿಲ್ಲ. ಹಂಗೆ ನಡೀತಿತ್ತು ಸಂಸಾರ. ಅಷ್ಟರಲ್ಲಿ ಅವಳ ಹೊಟ್ಟೆಯೊಳಗೆ ಒಂದು ಗಡ್ಡೆ ಎದ್ದಿತು. ದೊಡ್ಡಾಸ್ಪತ್ರೆಯೋರು ಒತ್ತಿ ನೋಡಿದರು, ಹೊಟ್ಟೆಯ ಫೋಟೋ ತೆಗೆದು ಬೆಳಕಿಗೆ ಹಿಡಿದು ನೋಡಿದರು. "ಮನೆಗೆ ಹೋಗಮ್ಮ, ತಿನ್ನಬೇಕು ಅನ್ಸಿದ್ದನ್ನ ತಿನ್ನು" ಅಂದರು.

ನಿಂಗಾಜಮ್ಮ ಪೆದ್ದಿಯಲ್ಲ. ಅವಳಿಗೆ ಗೊತ್ತಾಯಿತು.

ಮನೆಗೆ ಬಂದೋಳೇ ಮಗನ ಮುಖ ನೋಡಿದಳು. "ನಾನು ಕಣ್ಣು ಮುಚ್ಚಿದ ಮ್ಯಾಲೆ ನಿನ್ನ ಹೊಟ್ಟೆಗೆ ಯಾರ್ಲಾ ದಿಕ್ಕು?"

"ನೀನೇ ಕಣವ್ವ," ಅಂದ ಮಂಟ.

ಅವ್ವ ಹಣೆ ಚಚ್ಚಿಕೊಂಡಳು. ಸಾಯೋದರೊಳಗೆ ಇವನಿಗೆ ಸಂತೆ ಮಾಡೋದು, ಮನೆ ತೂಗಿಸೋದು ಕಲಿಸಲೇಬೇಕು ಅಂತ ಅವತ್ತೇ ಹಟ ಹಿಡಿದಳು.

ಮೊದಲನೇ ಸಂತೆಗೆ ಡಬ್ಬಿ ಕೈಗೆ ಕೊಟ್ಟು ಹೇಳಿದಳು: "ನೋಡ್ಲಾ, ಕಂಡಿದ್ದೆಲ್ಲ ತರಬ್ಯಾಡ. ಎಲ್ಲಾದರ ಬೆಲೆ ಕೇಳು. ಯಾವುದು ಕಮ್ಮಿಯೋ ಅದನ್ನ ತಗೊ."

"ಆಯ್ತು ಬುಡವ್ವ, ಹಂಗೇ ಮಾಡ್ತೀನಿ!"

ಮಂಟ ಸಂತೆಯೆಲ್ಲ ತಿರುಗಿದ. ಬದನೆಕಾಯಿ ಕೇಳಿದ. ಬೇಳೆ ಕೇಳಿದ. ಬೆಲ್ಲ ಕೇಳಿದ. ಕುರಿ ಕೇಳಿದ. ಕುರಿಯವನು "ತಗೊಳ್ಳೋ ಮುಖ ನೋಡು" ಅಂತ ಬೈದರೂ ಬೇಜಾರಿಲ್ಲದೆ ಪಕ್ಕದ ಎಮ್ಮೆಯ ಬೆಲೆಯನ್ನೂ ಕೇಳಿದ. ಕೊನೆಗೆ ಸಂತೆಗೆಲ್ಲ ಕಮ್ಮಿ ಅಂದರೆ ಉಪ್ಪು ಅಂತ ಗೊತ್ತಾಯಿತು. ಡಬ್ಬಿ ಸುರಿದ. ತಲೆ ಮೇಲೊಂದು ಮೂಟೆ, ಹೆಗಲ ಮೇಲೊಂದು ಮೂಟೆ, ಬೆವರು ಸುರಿಸ್ತಾ ಬಂದ.

"ಇದೇನ್ಲಾ?"

"ಉಪ್ಪು ಕಣವ್ವ! ಇದಕ್ಕಿಂತ ಕಮ್ಮೀದು ಸಂತೇಲೇ ಇಲ್ಲ!"

"ನಿನ್ನ ಹೊಟ್ಟೆ ತಣ್ಣಗಿರ! ವಾರವೆಲ್ಲ ಉಪ್ಪು ನೆಕ್ಕನಾ? ಮನೇಲಿ ಉಪ್ಪು ಇರಲಿಲ್ವೇನ್ಲಾ? ಹೋಗೋಕೆ ಮುಂಚೆ ಮನೇಲಿ ಏನೈತೆ ಅಂತ ನೋಡ್ಕೊಂಡು ಹೋಗಬೇಕು. ಇರೋದನ್ನ ಮತ್ತೆ ತರಬಾರದು. ತಿಳೀತಾ?"

"ತಿಳೀತು ಬುಡವ್ವ, ಇನ್ಮೇಲೆ ಹಂಗೇ ಮಾಡ್ತೀನಿ!"

ಆ ವಾರ ಗಂಜಿ, ಉಪ್ಪು. ಉಪ್ಪು, ಗಂಜಿ. ಮಂಟ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಅವ್ವ ಬಡಿಸಿದ್ದು ಯಾವುದಾದರೇನು.

ಎರಡನೇ ಸಂತೆ ಬಂತು. ಮಂಟ ಮನೆಯೆಲ್ಲ ತಡಕಿದ. ರಾಗಿ ಹಿಟ್ಟು? ಡಬ್ಬಿಯ ತಳಕ್ಕೆ ಅಂಟಿಕೊಂಡಂಗೆ ಐತೆ. ಬೇಳೆ? ಒಂದು ಹಿಡಿ ಐತೆ. ಎಣ್ಣೆ? ಬಾಟ್ಲಿ ತಲೆಕೆಳಗು ಹಿಡಿದರೆ ಒಂದು ಹನಿ ಬತ್ತದೆ. ಅವ್ವನ ನೋವಿನ ಮಾತ್ರೆ? ಒಂದು ಐತೆ. ಎಲ್ಲ ಐತಲ್ಲ! ಇರೋದನ್ನ ತರಬಾರದು. ಸಂತೆಗೆ ಹೋದ, ಕೈ ಬೀಸ್ಕೊಂಡು ಒಂದು ಸುತ್ತು ಹಾಕಿದ, ಖಾಲಿ ಚೀಲ ಹಿಡಿದು ಬಂದ.

"ನೋಡವ್ವ! ಡಬ್ಬಿ ಕೊಟ್ಟಂಗೇ ಐತೆ! ಒಂದು ಕಾಸೂ ಖರ್ಚಿಲ್ಲ!"

"ಮಾತ್ರೆ ಎಲ್ಲೋ?"

"ಮನೇಲಿ ಒಂದು ಐತಲ್ಲವ್ವ."

ಆ ಒಂದು ಮಾತ್ರೆ ಸಂಜೆಗೆ ಮುಗೀತು. ಔಷಧಿ ಅಂಗಡಿ ಬಾಗಿಲು ತೆಗೆಯೋವರೆಗೂ ನಿಂಗಾಜಮ್ಮ ಸೀರೆ ಸೆರಗನ್ನ ಬಾಯಿಗೆ ತುರುಕಿಕೊಂಡು ಗೋಡೆ ಕಡೆ ತಿರುಗಿ ಮಲಗಿದ್ದಳು. ಮಂಟ ಕಾಲು ಒತ್ತುತ್ತಾ ಕೂತಿದ್ದ. ಬೆಳಗ್ಗೆ ಮಾತ್ರೆ ನುಂಗಿ, ಉಸಿರು ಬಂದ ಮೇಲೆ ಬೈದಳು.

"ಮುಂಡೇದೇ! ಮುಗಿಯೋಕೆ ಮುಂಚೆನೇ ತರಬೇಕು ಕಣ್ಲಾ. ಸಿಕ್ಕಿದಾಗ ನಾಲ್ಕು ದಿನಕ್ಕೆ ಜಾಸ್ತಿ ತಂದು ಇಟ್ಕೋಬೇಕು. ಕೆಡೋ ಅಂಥದ್ದಾದರೆ ನಿಮ್ಮಪ್ಪನ ಪೆಟ್ಟಿಗೆ ಯಾಕೈತೆ? ಅದರೊಳಗೆ ಹಾಕಿದ್ದು ಕೆಡಲ್ಲ. ಕೆಡೋದನ್ನೆಲ್ಲ ಅದರೊಳಗೆ ಹಾಕು."

"ಹಾಕ್ತೀನಿ ಬುಡವ್ವ!"

ಅವ್ವ ಹೇಳಿದ ಮೇಲೆ ಮುಗೀತು. ಅವತ್ತೇ ಛತ್ರದ ಮದುವೆಗೆ ಅಂತ ನಿಂಗಾಜಮ್ಮ ಹೊಟ್ಟೆ ಹಿಡ್ಕೊಂಡೇ ಕೂತು ಬುಟ್ಟಿ ತುಂಬ ಮಲ್ಲಿಗೆ ಕಟ್ಟಿದ್ದಳು. ಕಟ್ಟಿ, ಒಂದು ಗಳಿಗೆ ಒರಗಿದಳು. ಮಂಟ ಬುಟ್ಟಿ ನೋಡಿದ. ಹೂವು! ಸಂಜೆಗೆ ಬಾಡ್ತದೆ, ನಾಳೆಗೆ ಕೊಳೀತದೆ. ಇದಕ್ಕಿಂತ ಬೇಗ ಕೆಡೋದು ಇನ್ನೇನೈತೆ? ಎತ್ತಿ ಪೆಟ್ಟಿಗೆಗೆ ಹಾಕಿದ. ಎದುರುಮನೆಯೋರು ಕೊಟ್ಟ ಮೊಟ್ಟೆಗಳನ್ನೂ ಹಾಕಿದ.

ಛತ್ರದೋರು ಬಂದಾಗ ಮುಚ್ಚಳ ತೆಗೆದರೆ ಮೊಟ್ಟೆಗಳು ಬಿರಿದು ಬಾಯಿ ಬಿಟ್ಟಿದ್ದವು. ಮಲ್ಲಿಗೆ ಕಲ್ಲಾಗಿತ್ತು. ಹೊರಗಿಟ್ಟರೆ ಬೆಂದ ಸೊಪ್ಪಾಯಿತು, ಕರ್ರಗೆ.

"ಮದುವೆಗೆ ಹೇಳಿದ್ವಾ, ತಿಥಿಗೆ ಹೇಳಿದ್ವಾ?" ಅಂತ ಉಗಿದು ಹೋದೋರು ಮತ್ತೆ ಆ ಮನೆಗೆ ಹೂವಿಗೆ ಬರಲಿಲ್ಲ. ಅಲ್ಲಿಂದಾಚೆಗೆ ಡಬ್ಬಿ ಅರ್ಧಕ್ಕೆ ಇಳೀತು.

"ತಿನ್ನೋದನ್ನ ಹಾಕಬೇಕು ಕಣೋ ಪಾಪಿ! ತಿನ್ನೋದನ್ನ! ಅದೂ ಕೆಡೋಕೆ ಮುಂಚೆನೇ ಹಾಕಬೇಕು, ಕೆಟ್ಟ ಮ್ಯಾಲೆ ಹಾಕಿ ಏನು ಬಂತು? ಸಾರು ಮಾಡಿದರೆ ಒಂದೊತ್ತಿಗೆ ಎಷ್ಟು ಬೇಕೋ ಅಷ್ಟಷ್ಟೇ ಕವರಿಗೆ ಹುಯ್ದು ಗಂಟು ಹಾಕಿ ಇಡಬೇಕು. ಗಟ್ಟಿ ಆಯ್ತಾ ಇಲ್ವಾ ಅಂತ ಆಮ್ಯಾಲೆ ನೋಡಬೇಕು."

"ನೋಡ್ತೀನಿ ಬುಡವ್ವ!"

ಹುರುಳಿ ಸಾರನ್ನ ಕವರಿಗೆ ಹುಯ್ದ. ಗಂಟು ಹಾಕಿದ. ಇಟ್ಟ. ಎಲ್ಲ ಸರಿ! ಆಮೇಲೆ ಮುಚ್ಚಳ ಎತ್ತಿ ನೋಡಿದ. ಗಟ್ಟಿ ಆಗಿಲ್ಲ. ನೋಡ್ತಾ ನಿಂತ. ಇನ್ನೂ ಆಗಿಲ್ಲ. ಒಂದು ಕೋಲು ತಂದು ಮುಚ್ಚಳಕ್ಕೆ ಆನಿಸಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದ. ದಿನವೆಲ್ಲ ನೋಡಿದ. ಪಕ್ಕದ ಮನೆ ಚಿಕ್ಕತಾಯಮ್ಮ ಹಿಟ್ಟು ಕೇಳೋಕೆ ಬಂದೋಳು, "ಏನ್ ಮಂಟಯ್ಯ, ಬಾವಿಗೆ ಬಿದ್ದೋರನ್ನ ನೋಡೋ ಹಂಗೆ ಕೂತಿದೀಯಾ?" ಅಂದಳು.

"ಗಟ್ಟಿ ಆಗೋದನ್ನ ನೋಡ್ತಿದೀನಿ ಚಿಕ್ಕಮ್ಮ."

ಪೆಟ್ಟಿಗೆಯೊಳಗೆ ಇದ್ದದ್ದೂ ಕರಗಿತು. ಸಾರು ಹಳಸಿತು. ಪೆಟ್ಟಿಗೆ ಬುಸುಗುಟ್ಟಿ ಬುಸುಗುಟ್ಟಿ ಕರೆಂಟು ಕುಡೀತು. ಬಿಲ್ಲು ಬಂದಾಗ ಡಬ್ಬಿಯ ಒಂದು ಸಂತೆ ಅದಕ್ಕೇ ಹೋಯಿತು.

ಈ ಸಲ ಬೈಯೋಕೂ ನಿಂಗಾಜಮ್ಮನಿಗೆ ಕೂತ್ಕೊಳ್ಳೋ ತ್ರಾಣ ಇರಲಿಲ್ಲ. ಮಲಗಿಕೊಂಡೇ ಬೈದಳು. "ಮುಚ್ಚಳ ತೆಗೆದಿಡಬ್ಯಾಡ ಕಣೋ, ತಂಪೆಲ್ಲ ಓಡೋಯ್ತದೆ. ತೆಗೆದ್ಯಾ, ಬೇಕಾದ್ದು ಎತ್ಕೊಂಡ್ಯಾ, ಮುಚ್ಚಿದ್ಯಾ, ಅಷ್ಟೇ. ಖಾಲಿ ಪೆಟ್ಟಿಗೆ ಓಡಿಸಬ್ಯಾಡ, ಅದು ಬರೀ ಗಾಳಿಗೆ ಕರೆಂಟು ಹಾಕ್ದಂಗೆ. ಸಂದು ಬಿಡದೆ ತುಂಬು. ತುಂಬಿದ ಪೆಟ್ಟಿಗೇಲಿ ಒಂದಕ್ಕೊಂದು ತಂಪು ಕೊಡ್ತವೆ. ಮೊದಲು ಮಾಡಿದ್ದು ಮ್ಯಾಲಿರಬೇಕು, ಆಮ್ಯಾಲೆ ಮಾಡಿದ್ದು ಕೆಳಗಿರಬೇಕು. ಹೇಳು ನೋಡಾನ?"

"ಮುಚ್ಚಳ ತೆಗೆದಿಡಬಾರದು. ಸಂದು ಬಿಡಬಾರದು. ಮೊದಲಿಂದು ಮ್ಯಾಲೆ."

"ನನ್ನಪ್ಪ! ನಾನು ಕಣ್ಣು ಮುಚ್ಚಿದ ಮ್ಯಾಲೆ ನಿನ್ನ ಹೊಟ್ಟೆಗೆ ಯಾರ್ಲಾ ದಿಕ್ಕು?"

"ನೀನೇ ಕಣವ್ವ."

ಅವ್ವ ಈ ಸಲ ಹಣೆ ಚಚ್ಚಿಕೊಳ್ಳಲಿಲ್ಲ. ಸುಮ್ಮನೆ ಸೂರು ನೋಡಿದಳು. ನೋಡಿ ನೋಡಿ, "ಹೂಂ, ನಾನೇ" ಅಂದಳು.

ಮಾರನೇ ದಿನದಿಂದ ಅವಳು ಏಳೋಕೆ ಶುರು ಮಾಡಿದಳು. ಹೆಂಗೆ ಎದ್ದಳೋ ಆ ಮಾದಪ್ಪನಿಗೇ ಗೊತ್ತು. ಒಲೆ ಮುಂದೆ ಗೋಡೆಗೆ ಒರಗಿ ಕೂತು ಅಡುಗೆ ಮಾಡಿದಳು. ಮೂಗುತಿ ಡಬ್ಬಿಗೆ ಹೋಯಿತು, ಡಬ್ಬಿ ಸಂತೆಗೆ ಹೋಯಿತು, ಸಂತೆ ಒಲೆಗೆ ಬಂತು. ಹುರುಳಿ ಸಾರು. ಅವರೆಕಾಳು ಸಾರು. ಸೊಪ್ಪಿನ ಸಾರು. ಬೇಯಿಸಿದ ಕಾಳು. ರುಬ್ಬಿದ ಖಾರದ ಉಂಡೆ. ಅವಳು ಹುಯ್ಯೋಳು, ಮಂಟ ಗಂಟು ಹಾಕೋನು. ಹುಯ್ಯೋಳು, ಗಂಟು ಹಾಕೋನು. ಕೊನೆಗೊಂದು ದಿನ ಪೆಟ್ಟಿಗೆ ಕಂಠಮಟ್ಟ ತುಂಬಿತು. ಬೆರಳು ತೂರಿಸೋಕೂ ಸಂದಿರಲಿಲ್ಲ.

"ಇದು ನಿಂದು," ಅಂದಳು ಅವ್ವ. "ಹೊತ್ತಿಗೊಂದು ತೆಗೆದು ಕಾಯಿಸ್ಕೊ. ಮುದ್ದೆ ಕಟ್ಟೋಕೆ ಬತ್ತದಲ್ಲ, ಸಾಕು. ಇದು ಮುಗಿಯೋದ್ರೊಳಗೆ ಗೋವಾದಲ್ಲಿರೋ ನಿಮ್ಮಕ್ಕ ಏನಾದ್ರೂ ದಾರಿ ಮಾಡ್ತಾಳೆ. ಏನೇ ಆಗಲಿ, ಕರಗೋಕೆ ಬಿಡಬ್ಯಾಡ. ಕರಗಿತೋ, ನಿನ್ನ ಅನ್ನ ಹೋಯ್ತು."

"ಬಿಡಲ್ಲ ಬುಡವ್ವ."

ಆ ವಾರದ ಸಂತೆ ನೋಡೋಕೆ ಅವಳಿರಲಿಲ್ಲ. ಬೆಳಗಿನ ಜಾವ ಹೋದಳು, ಸದ್ದಿಲ್ಲದೆ.

ಅಕ್ಕ ಸಾಕವ್ವ ಗಂಡನ ಜೊತೆ ಗೋವಾದಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದಳು. ಚಿಕ್ಕತಾಯಮ್ಮ ಫೋನು ಮಾಡಿದರೆ, "ಮುಖ ನೋಡದೆ ಮಣ್ಣು ಮಾಡಬ್ಯಾಡಿ, ನಾಳೆ ಬೆಳಗ್ಗೆ ಬತ್ತೀನಿ" ಅಂತ ಅತ್ತಳು. ಬೇಸಿಗೆ. ಹೆಣ ತಡೆಯಬೇಕಲ್ಲ? ಬೀದಿಯೋರು ಕಾಸು ಸೇರಿಸಿ ಪೇಟೆಯಿಂದ ಬಾಡಿಗೆಗೆ ಫ್ರೀಜರ್ ಪೆಟ್ಟಿಗೆ ತರಿಸಿದರು. ಈಗಿನ ಕಾಲದಲ್ಲಿ ಎಲ್ಲರ ಮನೆ ಸಾವಿಗೂ ಬರೋದು ಅದೇ ತಾನೆ, ಗಾಜಿನ ಮುಚ್ಚಳದ್ದು.

ಮಂಟ ಬಾಗಿಲಲ್ಲೇ ಪೆಟ್ಟಿಗೆಯವನನ್ನ ತಡೆದ. "ಈಗ ತಂದ್ಯಾ? ಕೆಡೋಕೆ ಮುಂಚೆ ಹಾಕಬೇಕು ಅಂತ ಅವ್ವ ಹೇಳೋಳು."

ಪೆಟ್ಟಿಗೆಯವನು ಇಂಥವನ್ನ ಬೇಕಾದಷ್ಟು ಕೇಳಿದ್ದ. ಪೆಟ್ಟಿಗೆ ಎತ್ಕೊಂಡು ಒಳಗೆ ಬಂದ. ನಿಂಗಾಜಮ್ಮನನ್ನ ಮಲಗಿಸಿದರು. ಪೆಟ್ಟಿಗೆಯವನು ವೈರು ಹಿಡಿದು ಗೋಡೆ ನೋಡಿದ. ಆ ಮನೆಯಲ್ಲಿ ದಪ್ಪ ಪಿನ್ನು ಹಾಕೋ ಪ್ಲಗ್ಗು ಒಂದೇ. ಅದರಲ್ಲಿ ಐಸ್ ಪೆಟ್ಟಿಗೆ. ಕಿತ್ತ. ಇದನ್ನ ಚುಚ್ಚಿದ.

"ಕೀಳಬ್ಯಾಡಣ್ಣ! ಸಾರು ಕರಗ್ತದೆ!"

"ಥೂ! ನಿಮ್ಮವ್ವ ಮುಖ್ಯನೋ, ಸಾರು ಮುಖ್ಯನೋ?"

ಮಂಟ ನಿಂತ. ಒಂದು ಸಲ ಅವ್ವನ್ನ ನೋಡಿದ, ಒಂದು ಸಲ ಸಾರಿನ ಪೆಟ್ಟಿಗೆ ನೋಡಿದ. ಅವ್ವನೇ ಮುಖ್ಯ. ಕರಗೋಕೆ ಬಿಡಬ್ಯಾಡ ಅಂದೋಳೂ ಅವ್ವನೇ. ಅಷ್ಟು ಕಷ್ಟದ ಪ್ರಶ್ನೆಯನ್ನ ಅವನಿಗೆ ಯಾರೂ ಕೇಳಿರಲಿಲ್ಲ.

ಮಧ್ಯಾಹ್ನ ಗಂಡಸರು ಗುಂಡಿ ತೋಡಿಸೋಕೆ ಹೋದರು. ಚಿಕ್ಕತಾಯಮ್ಮ ಕಾಫಿ ಕಾಯಿಸೋಕೆ ಹೋದಳು. ಐಸ್ ಪೆಟ್ಟಿಗೆಯ ಕೆಳಗಿಂದ ನೀರು ಹರಿದು ಬಂದು ಮಂಟನ ಕಾಲು ಮುಟ್ಟಿತು. ಎದ್ದು ನೋಡಿದ. ಅವ್ವನ ಪೆಟ್ಟಿಗೆಯಲ್ಲಿ ಅವ್ವನ ಆಚೆಗೆ ಸಂದು, ಈಚೆಗೆ ಸಂದು, ಕಾಲ ಹತ್ತಿರವಂತೂ ಬೇಕಾದಷ್ಟು ಜಾಗ. ಬರೀ ಗಾಳಿಗೆ ಕರೆಂಟು!

ಆಗ ಮಾಡಿದ ನೋಡಿ ಕೆಲಸ. ಹುಟ್ಟಿದಾಗಿಂದ ಅಷ್ಟು ಅಚ್ಚುಕಟ್ಟಾಗಿ ಯಾವುದನ್ನೂ ಮಾಡಿರಲಿಲ್ಲ. ಐಸ್ ಪೆಟ್ಟಿಗೆಯಿಂದ ಸಾರಿನ ಗಂಟು ಒಂದೊಂದೇ ತೆಗೆದು ಒರೆಸಿದ. ಕೊನೆಗೆ ಮಾಡಿದ್ದು ಕೆಳಗೆ, ಮೊದಲು ಮಾಡಿದ್ದು ಮೇಲೆ. ಅವರೆಕಾಳು ಸೊಂಟದ ಪಕ್ಕ, ಹುರುಳಿ ಸಾರು ಕಾಲ ಹತ್ತಿರ. ಖಾರದ ಉಂಡೆ ಮೊಣಕೈ ಸಂದಿಗೆ. ಮುಖದ ಮೇಲೆ ಭಾರ ಹಾಕಲಿಲ್ಲ. ಮುಖದ ಎರಡು ಕಡೆಗೂ ಸೊಪ್ಪಿನ ಸಾರು, ದಿಂಬಿನಂಗೆ. ಸಂದು ಬಿಡಲಿಲ್ಲ. ಸರಕ್ಕನೆ ಮುಚ್ಚಳ ಮುಚ್ಚಿದ. ಯಾರೋ ತಂದಿದ್ದ ಹೊಸ ಪಂಚೆ ಹೊದಿಸಿದ. ಸಂಜೆಗೆ ಗಾಜಿನ ತುಂಬ ಮಂಜು. ಬಂದೋರೆಲ್ಲ ಪಂಚೆಗೇ ಕೈ ಮುಗಿದು ಹೋದರು.

ಬೆಳಗ್ಗೆ ಸಾಕವ್ವ ಬೀದಿ ಕೊನೆಯಿಂದಲೇ ಅಳ್ತಾ ಬಂದಳು. ಪಂಚೆ ಎಳೆದರು. ಮುಚ್ಚಳ ಎತ್ತಿದರು.

ಅಳು ನಿಂತಿತು. ಯಾರೋ ಒಬ್ಬ ಕಿಸಕ್ಕನೆ ನಕ್ಕ ಅಂತಾರೆ, ಆ ಪಾಪಿ ಯಾರು ಅಂತ ಕೇಳಿದರೆ ಮಾತ್ರ ಎಲ್ಲರೂ ಬೇರೆಯವರ ಹೆಸರು ಹೇಳ್ತಾರೆ.

"ಅಯ್ಯೋ ಹಾಳಾದೋನೇ! ಹೆಣದ ಜೊತೆ ಸಾರು ಇಟ್ಟಿದೀಯಲ್ಲೋ!" ಅಂತ ಸಾಕವ್ವ ತಲೆ ಬಡ್ಕೊಂಡಳು.

"ಸೂತಕದ ಪೆಟ್ಟಿಗೇಲಿ ಇಟ್ಟಿದ್ದು ನಾಯಿಗೂ ಹಾಕಂಗಿಲ್ಲ!" ಅಂದರು ಹಿರಿಯರು. "ಎಲ್ಲ ಗುಂಡಿಗೇ ಹೋಗಬೇಕು."

"ಅಷ್ಟೂ ನಿನ್ನ ಅನ್ನ ಕಣೋ ಮಂಟಯ್ಯ," ಅಂದಳು ಚಿಕ್ಕತಾಯಮ್ಮ. "ಸಾಯೋ ನೋವಲ್ಲಿ ಮಾಡಿಟ್ಟಿದ್ದಳು."

ಎಲ್ಲರೂ ಬೈದರು. ಮಂಟ ಬಗ್ಗಿ ಅವ್ವನ ಮುಖ ನೋಡ್ತಾ ಕಾದ. ಬೈಗುಳ ಬರಬೇಕು, ಹಿಂದೆನೇ ಮುಂದಿನ ಸಲಕ್ಕೆ ಬುದ್ಧಿ ಮಾತು ಬರಬೇಕು. ಕಾದ. ಸೊಪ್ಪಿನ ಸಾರಿನ ನಡುವೆ ಅವ್ವ ತಣ್ಣಗೆ ಮಲಗಿದ್ದಳು. ಒಂದು ಮಾತೂ ಅನ್ನಲಿಲ್ಲ.

ಮಂಟನ ಮುಖ ಅರಳಿತು.

"ನೋಡಕ್ಕ! ಅವ್ವ ಬೈಲೇ ಇಲ್ಲ! ಈ ಸಲ ಸರಿಯಾಗಿ ಮಾಡಿದೀನಿ!" ಅಂದೋನೇ, ಮೇಲಿನ ಗಂಟೊಂದನ್ನ ಎತ್ಕೊಂಡ. "ಮುಚ್ಚಕ್ಕ ಬೇಗ, ತಂಪೆಲ್ಲ ಓಡೋಯ್ತದೆ. ಅವ್ವ ಕರಗೋಯ್ತಾಳೆ."