ಊಟ ಆತೇನು ಎಂದು ಕೇಳುತ್ತ ಹೋದ ಭರಮಣ್ಣ

ರಸ್ತೆಗೆ ಡಾಂಬರು ಬರುವುದಕ್ಕೂ ಬಹಳ ಮೊದಲು, ಎರೆಹೊಲಗಳ ನಡುವೆ ಒಂದು ಊರಿತ್ತು. ಆ ಊರಲ್ಲಿ ಭರಮಣ್ಣ ಎಂಬುವನಿದ್ದ. ಅವನ ಕಾಲು ನಿಲ್ಲುತ್ತಿರಲಿಲ್ಲವಂತೆ.

ಕುಳಿತರೆ ಮೊಣಕಾಲು ಕುಣಿಯುತ್ತಿತ್ತು. ಮಲಗಿದರೆ ಪಾದ ತಿರುಗುತ್ತಿತ್ತು. ಹೊರಸಿನ ನುಲಿ ಹರಿದು ಹರಿದು ಹೆಂಡತಿ ಅವನನ್ನು ನೆಲದ ಮೇಲೆ ಮಲಗಿಸಿದಳಂತೆ. ನಾವಿದನು ಅವನ ಪಕ್ಕದಲ್ಲಿ ಓಡುತ್ತಲೇ ಗಡ್ಡ ಹೆರೆಯುತ್ತಿದ್ದನಂತೆ. ಎಷ್ಟು ನಿಜವೋ ಎಷ್ಟು ಸುಳ್ಳೋ, ಹೇಳುವವರು ಹಾಗೆ ಹೇಳುತ್ತಾರೆ.

ಊರಿಗೆ ಒಂದು ರೇಸ್ ಸೈಕಲ್ ಇತ್ತು. ಊರವರು ಕೂಡಿ ತಂದದ್ದು. ಒಬ್ಬನ ಸ್ವತ್ತಲ್ಲ. ಯಾರು ಊರಿನ ಪರವಾಗಿ ಓಡಿಸುತ್ತಾರೋ ಅವರ ಬಳಿ ಇರಬೇಕು. ಅದು ಭರಮಣ್ಣನ ಬಳಿ ಇತ್ತು. ಬೇರೆ ಯಾರೂ ಕೇಳುವ ಧೈರ್ಯ ಮಾಡಿರಲಿಲ್ಲ.

ಪ್ರತಿ ಸುಗ್ಗಿ ಮುಗಿದ ಮೇಲೆ ಸುತ್ತಲಿನ ಹಳ್ಳಿಗಳ ಪಂದ್ಯ. ಹೊತ್ತು ಹುಟ್ಟುವಾಗ ಹೊರಡಬೇಕು. ದೊಡ್ಡ ಹೊಳೆಯ ತನಕ ಹೋಗಿ, ನೀರು ಮುಟ್ಟಿ, ತಿರುಗಿ ಬರಬೇಕು. ಹೋಗುವಾಗ ಗಾಳಿ ಬೆನ್ನಿಗೆ. ಬರುವಾಗ ಎದೆಗೆ.

ಹೋಗುವಾಗ ಭರಮಣ್ಣನೇ ಮುಂದೆ. ಪ್ರತಿ ವರ್ಷ. ನೀರು ಮೊದಲು ಮುಟ್ಟುವವನು ಅವನೇ. ಬರುವಾಗ ಯಾವುದಾದರೂ ಜಾಲಿ ಗಿಡದ ಕೆಳಗೆ ಕಾಲು ಹಿಡಿದುಕೊಂಡು ಕುಳಿತಿರುತ್ತಿದ್ದ. ಊರವರು ಬಂಡಿ ಹೂಡಿ ಕರೆತರುತ್ತಿದ್ದರು. ಮಂದಿ ದಾರಿಯಲ್ಲಿ ಕಂಡಾಗೆಲ್ಲ ಕೇಳುತ್ತಿದ್ದರು:

"ಭರಮಣ್ಣಾ, ಈ ಸಲ ಬಂಡಿ ಹೊಳಿ ಮಟಾ ಕಳಸೂನೋ, ಅರ್ಧ ದಾರಿಗೆ ಸಾಕೋ?"

ಒಂದು ವರ್ಷ ಹಿರಿಯರು ಕೂಡಿದರು. ಈ ಸಲ ಗೆಲ್ಲದಿದ್ದರೆ ಸೈಕಲ್ ಬೇರೆಯವರಿಗೆ ಎಂದರು. ಆ ಸೈಕಲ್ ಹೋದರೆ ಭರಮಣ್ಣನ ಕಾಲು ಎಲ್ಲಿ ಹೋಗಬೇಕು? ಅವನು ನೇರ ಗರಡಿಗೆ ಹೋದ.

ಗರಡಿಯಲ್ಲಿ ಲಾಲೇಸಾಬ ಎಂಬ ವಸ್ತಾದನಿದ್ದ. ಪೈಲ್ವಾನರನ್ನು ತಯಾರು ಮಾಡುವವನು. ಆನೆಯಂಥ ಆಳು. ಸೈಕಲ್ ಹತ್ತಿದವನೇ ಅಲ್ಲ. ಭರಮಣ್ಣ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಆಮೇಲೆ ಅವನ ಮೀನಖಂಡ ಒತ್ತಿ ನೋಡಿ ಬೈದ.

"ಏ ಖೋಡಿ, ಇದು ಕಾಲೋ ಕಟ್ಟಿಗಿಯೋ? ಯಾವಾಗ ಬಿಡುವು ಕೊಟ್ಟೀದಿ ಇದಕ್ಕ?"

ಬಿಡುವು ಯಾಕೆ ಎಂದು ಭರಮಣ್ಣ ಕೇಳಿದ.

"ಮಣ್ಣಾಗ ಪೆಟ್ಟು ತಿಂತೀವಿ. ನಿದ್ದ್ಯಾಗ ಗಟ್ಟಿ ಆಗ್ತೀವಿ. ನೀ ಬರೇ ಪೆಟ್ಟು ತಿಂದೀದಿ."

ಮರುದಿನದಿಂದ ತಾಲೀಮು. ವಸ್ತಾದ ಸೈಕಲ್ಲಿನ ಹಿಂದಿನ ಕ್ಯಾರಿಯರ್ ಮೇಲೆ ಕುಳಿತ. ಸೈಕಲ್ ನರಳಿತು. ಹೊರಡು ಎಂದ. ದಾರಿಯುದ್ದಕ್ಕೂ ಮಾತು. ಊಟ ಆತೇನು? ಏನು ಪಲ್ಲೆ? ಎತ್ತು ಹೆಂಗ ಅದಾವು? ಮಗಳ ಲಗ್ನ ಯಾವಾಗ? ಭರಮಣ್ಣ ಪೂರಾ ಉತ್ತರ ಕೊಡಬೇಕು. ನಡುವೆ ಉಸಿರು ಹಿಡಿದು ಮಾತು ತುಂಡಾದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. ನಿಧಾನ ಮಾಡಬೇಕು. ಮಾತು ಕೂಡುವ ತನಕ ನಿಧಾನ.

ಭರಮಣ್ಣನಿಗೆ ಮೈ ಉರಿಯುತ್ತಿತ್ತಂತೆ. ಹೊಲಕ್ಕೆ ಹೋಗುವ ಮುದುಕರು ದಾಟಿ ಹೋಗುತ್ತಿದ್ದರು. ಎಮ್ಮೆಗಳು ದಾಟಿ ಹೋಗುತ್ತಿದ್ದವು. ಹಿಂದಿನಿಂದ ಮಾತು ಮಾತ್ರ ನಿಲ್ಲುತ್ತಿರಲಿಲ್ಲ.

ವಾರಕ್ಕೊಮ್ಮೆ ವಸ್ತಾದ ಕೆಳಗಿಳಿಯುತ್ತಿದ್ದ. ಎದುರು ಗಾಳಿಗೆ ಏರು ಹತ್ತು ಎನ್ನುತ್ತಿದ್ದ. ಆವತ್ತು ಮಾತಿಲ್ಲ. ಜೀವ ಹೋಗುವ ಹಾಗೆ ತುಳಿಯಬೇಕು. ಅದರ ಮರುದಿನ ಗರಡಿಯ ಕೆಂಪು ಮಣ್ಣಿನಲ್ಲಿ ಕಾಲು ಹೂತು ಮಲಗಬೇಕು. ಹಸಿವೆಯಾಗುವ ಮೊದಲೇ ಶೇಂಗಾ, ಬೆಲ್ಲ. ನೀರಡಿಕೆಯಾಗುವ ಮೊದಲೇ ಉಪ್ಪು ಹಾಕಿದ ನೀರು. ಹೀಗೆ ಚಳಿಗಾಲ ಕಳೆಯಿತು. ನಿಧಾನ ಎಂದುಕೊಂಡದ್ದೇ ಜೋರಾಗಿತ್ತು. ಈಗ ಭರಮಣ್ಣ ಮಾತಾಡುತ್ತಲೇ ಎಮ್ಮೆ ದಾಟಿದ. ಬಂಡಿ ದಾಟಿದ. ಟಾಂಗಾ ದಾಟಿದ. ಹಿಂದೆ ಕುಳಿತವನು ಟೋಪಿ ಹಿಡಿದುಕೊಳ್ಳಬೇಕಾಯಿತಂತೆ.

ಪಂದ್ಯ ಹತ್ತಿರ ಬಂತು. ವಸ್ತಾದ ಸೈಕಲ್ಲಿನ ಚೈನು ಬಿಚ್ಚಿ ತನ್ನ ಸೊಂಟಕ್ಕೆ ಉಡದಾರದ ಹಾಗೆ ಸುತ್ತಿಕೊಂಡ.

"ಇನ್ನ ಪಂದ್ಯದ ಮುಂಜಾನಿ ಕೊಡ್ತೀನಿ. ಅಲ್ಲೀತನಾ ಸುಮ್ಮ ಬಿದ್ದಿರು."

ಇಲ್ಲಿಯೇ ಕೆಟ್ಟಿತು.

ಒಂದು ದಿನ ಸುಮ್ಮನಿದ್ದ. ಕಾಲು ಕೇಳಲಿಲ್ಲ. ಅಂಗಳ ಅಳೆದ. ಊರು ಸುತ್ತಿದ. ಬೀಸುವ ಕಲ್ಲಿನ ಮುಂದೆ ಕುಳಿತು ನೆರೆಮನೆಯವರ ಜೋಳವನ್ನೂ ಬೀಸಿ ಕೊಟ್ಟ. ಸಾಕಾಗಲಿಲ್ಲ. ಕಾಲೊಳಗೆ ಇರುವೆ ಹರಿದಂತಾಗುತ್ತಿದೆ ಎಂದು ಹೆಂಡತಿಗೆ ಹೇಳಿದನಂತೆ. ಶಕ್ತಿ ಸೋರಿ ಹೋಗುತ್ತಿದೆ ಎಂದೂ ಅವನಿಗೆ ಅನಿಸಿತಂತೆ. ಕೂಡುತ್ತಿದೆ ಎಂದು ಅನಿಸಲಿಲ್ಲ. ಪಂದ್ಯದ ಹಿಂದಿನ ದಿನ ಮಟಮಟ ಮಧ್ಯಾಹ್ನ, ಊರು ಮಲಗಿದ್ದಾಗ, ಐಸ್‌ಕ್ಯಾಂಡಿ ಮಾರುವವನ ಸೈಕಲ್ ಕೇಳಿ ತೆಗೆದುಕೊಂಡ. ಡಬ್ಬಿ ಸಹಿತ. ಸಂಜೆಯ ತನಕ ತುಳಿದ. ಆವತ್ತು ನಿದ್ದೆ ಚೆನ್ನಾಗಿ ಬಂತಂತೆ.

ಮುಂಜಾನೆ ವಸ್ತಾದ ಚೈನು ಹಾಕಿದ. ಮೀನಖಂಡ ಒತ್ತಿದ. ಕೈ ಅಲ್ಲೇ ನಿಂತಿತು.

"ಯಾರ ಸೈಕಲ್ಲು?"

ಭರಮಣ್ಣ ನೆಲ ನೋಡಿದ. ಹೇಳಿದ.

ವಸ್ತಾದ ಬೈಯಲಿಲ್ಲ. ಅದಕ್ಕೇ ಭರಮಣ್ಣನಿಗೆ ಹೆಚ್ಚು ಹೆದರಿಕೆಯಾಯಿತು ಎನ್ನುತ್ತಾರೆ. "ಕೂಡಿಟ್ಟಿದ್ದು ಖರ್ಚಾತು. ಉಳಿದಿದ್ದರಾಗ ಹೋಗಿ ಬಾ. ಮಾತಾಡಕೋತ ಹೋಗು. ಮಾತು ಮುರಿದರ ನಿಧಾನ ಮಾಡು. ಯಾರು ಮುಂದ ಹೋದರೂ ನಿಧಾನ ಮಾಡು" ಎಂದ.

ಹೊರಟರು. ಭರಮಣ್ಣ ಮುಂದೆ ಹಾರಲಿಲ್ಲ. ಮಂದಿಗೆ ಆಶ್ಚರ್ಯ. ಹಿಂದೆ ಕುಳಿತು ಮಾತಾಡಿಸುವವರಿಲ್ಲ. ಆದ್ದರಿಂದ ಪಕ್ಕದವರನ್ನು ಮಾತಾಡಿಸಿದ. ಊಟ ಆತೇನು ಎಂದು ಕೇಳಿದ. ಕೇಳಿದ ಮೇಲೆ ಉತ್ತರ ಕೊಡದೆ ಇರುವುದು ಹೇಗೆ? ಒಬ್ಬ ರೊಟ್ಟಿ, ಪುಂಡಿಪಲ್ಲೆ, ಎಲ್ಲ ಹೇಳಿದ. ಒಬ್ಬ ಆತು ಎಂದಷ್ಟೇ ಹೇಳಿದ. ಕೆಲವರು ಬರೀ ತಲೆ ಆಡಿಸಿದರು. ತಲೆ ಆಡಿಸಿದವರೆಲ್ಲ ಬರುವಾಗ ಗಿಡದ ಕೆಳಗೆ ಸಿಕ್ಕರಂತೆ.

ಪಕ್ಕದ ಹಳ್ಳಿಯ ಸಿದ್ದಗೊಂಡ ಎಂಬುವನು ಮಾತ್ರ ಉಸಿರು ಕದಲಿಸದೆ ಉತ್ತರ ಕೊಟ್ಟ.

"ಆತಪಾ, ನುಚ್ಚು ಮಜ್ಜಿಗಿ. ನಿಂದು ಬಂಡ್ಯಾಗ ಆಗತೈತಿ, ಹೌದಲ್ಲೋ?"

ಹೊಳೆ ಮುಟ್ಟಿ ತಿರುಗಿದರು. ಗಾಳಿ ಎದೆಗೆ ಬಂತು. ಕೊನೆಗೆ ಇಬ್ಬರೇ ಉಳಿದರು. ಸಿದ್ದಗೊಂಡ ಮುಂದೆ, ಅವನ ಮರೆಯಲ್ಲಿ ಭರಮಣ್ಣ. ಊರ ಹೊರಗಿನ ಏರು ಬಂತು. ಪಂದ್ಯ ಮುಗಿಯುವ ನೆತ್ತಿಯ ಮೇಲೆ ಮಂದಿ ಕಾಣುತ್ತಿದ್ದರು. ಸಿದ್ದಗೊಂಡ ಹಿಂತಿರುಗಿ ನೋಡಿ ಕೇಳಿದ.

"ಭರಮಣ್ಣಾ, ಊಟ ಆತೇನೋ?"

ಭರಮಣ್ಣ ಬಾಯಿ ತೆರೆದ. ದನಿ ಬರಲಿಲ್ಲ.

ಊರು ಕಣ್ಣೆದುರಿಗೆ. ಸೋತರೆ ಕಾಲಡಿಯ ಸೈಕಲ್ ಇನ್ನೊಬ್ಬರ ಪಾಲಾಗುತ್ತದೆ. ಸಿದ್ದಗೊಂಡ ಎದ್ದುನಿಂತು ತುಳಿಯುತ್ತಿದ್ದಾನೆ. ಆ ಹೊತ್ತಿನಲ್ಲಿ ಹುಟ್ಟಿನಿಂದ ನಿಲ್ಲದ ಆ ಕಾಲನ್ನು ಭರಮಣ್ಣ ನಿಧಾನ ಮಾಡಿದ. ಅಳುತ್ತ ಮಾಡಿದ ಎನ್ನುವವರಿದ್ದಾರೆ. ಬೆವರು ಎನ್ನುವವರೂ ಇದ್ದಾರೆ. ಬೆಲ್ಲ ಬಾಯಿಗೆ ಹಾಕಿದ. ಉಪ್ಪುನೀರು ಕುಡಿದ. ಆತು, ಆತು ಎಂದು ತನಗೆ ತಾನೇ ಹೇಳಿಕೊಂಡ. ದನಿ ಕೂಡಿದ ಮೇಲೆ ತುಳಿದ. ಹಾಗೆ ತುಳಿದದ್ದನ್ನು ಯಾರೂ ಕಂಡಿರಲಿಲ್ಲ. ಏರಿನ ನೆತ್ತಿಯಲ್ಲಿ ಸಿದ್ದಗೊಂಡನನ್ನು ಮುಟ್ಟಿಯೇ ಬಿಟ್ಟ.

ಮುಟ್ಟಿದ, ದಾಟಲಿಲ್ಲ. ಒಂದು ಗಾಲಿಯಷ್ಟು ಸೋತ. ಐಸ್‌ಕ್ಯಾಂಡಿ ಸೈಕಲ್ಲಿನ ಮೇಲೆ ಚೆಲ್ಲಿದ ಶಕ್ತಿ ಅಷ್ಟೇ ಇದ್ದಿರಬೇಕು.

ಬಂಡಿ ಹೂಡಿದ ಎತ್ತುಗಳು ಸುಮ್ಮನೆ ನಿಂತಿದ್ದವು. ಮೊದಲ ಸಲ ಅವನು ತನ್ನ ಗಾಲಿಯ ಮೇಲೆ ಊರು ಸೇರಿದ್ದ. ಆದರೂ ಹಿರಿಯರು ಆಡಿದ ಮಾತು ಆಡಿದ್ದೇ. ಸೈಕಲ್ ಯಾರಿಗೆ ಕೊಡುವುದು ಎಂದು ಅವರವರೇ ಮಾತಾಡಿಕೊಂಡರು. ಕೆಲವರು ಇವನ ಬಳಿಯೇ ಇರಲಿ ಎಂದರು.

ಆಗ ಏರಿನ ಕೆಳಗಿನಿಂದ ಮೊಸರೂ ಎಂಬ ಕೂಗು ಕೇಳಿತು. ಅದೇ ಊರಿನ ಕಲ್ಲವ್ವ ಎಂಬಾಕೆ. ಗಂಡನ ಹಳೆಯ ಸೈಕಲ್ಲಿಗೆ ಗಡಿಗೆ ಕಟ್ಟಿ ಹಳ್ಳಿ ಹಳ್ಳಿ ತಿರುಗಿ ಮೊಸರು ಮಾರುವಾಕೆ. ಗಾಳಿಗೆದುರಾಗಿ ಏರು ಹತ್ತುತ್ತ ಕೂಗುತ್ತಿದ್ದಳು. ಕೂಗು ಉದ್ದಕ್ಕೆ ಬಂತು, ನೆತ್ತಿಯ ತನಕ ಬಂತು, ಎಲ್ಲಿಯೂ ತುಂಡಾಗಲಿಲ್ಲ.

ಭರಮಣ್ಣನ ಕಾಲು ನಿಂತುಬಿಟ್ಟಿತಂತೆ. "ಆಕೀಗೆ ಕೊಡ್ರಿ" ಎಂದ.

ಮಂದಿ ನಕ್ಕರು. ಮೊಸರು ಮಾರಾಕಿಗೇನೋ, ತಲಿ ಕೆಟ್ಟೈತೇನು ಎಂದರು.

"ಈ ಏರಿನ್ಯಾಗ ಆಕಿ ದನಿ ಮುರೀಲಿಲ್ಲ. ನಂದು ಮುರೀತು. ಕೊಡ್ರಿ" ಎಂದ. ತಾನೇ ಹ್ಯಾಂಡಲ್ ಹಿಡಿದು ಒಯ್ದು ಅವಳ ಮುಂದೆ ನಿಲ್ಲಿಸಿದ. ಕೊನೆಗೆ ಹಿರಿಯರು ಒಪ್ಪಿದರು.

ಮರುದಿನ ಅವನು ಅವಳ ಮನೆಗೆ ಹೋದ. ಗಂಡನಿಗೆ ಹೇಳಿ, ಅವಳ ತಾಲೀಮಿಗೆಂದು ಕ್ಯಾರಿಯರ್ ಮೇಲೆ ಕುಳಿತ. ಮಳೆ, ಚಳಿ ಎನ್ನದೆ ವರ್ಷವಿಡೀ ಕುಳಿತ. ಕುಳಿತಲ್ಲಿಯೇ ಅವನ ಕಾಲು ಗಾಳಿಯಲ್ಲಿ ತಿರುಗುತ್ತಿತ್ತಂತೆ. ಸುಮ್ಮ ಕೂಡ್ರಣ್ಣಾ, ಸೈಕಲ್ ಹೊಯ್ದಾಡತೈತಿ ಎಂದು ಅವಳು ಬೈಯುತ್ತಿದ್ದಳಂತೆ. ಆದರೆ ಬಿಡುವಿನ ದಿನ ಬಂದರೆ ಅವಳ ಸೈಕಲ್ಲಿನ ಚೈನು ಬಿಚ್ಚಿಟ್ಟು ಅದರ ಕಾವಲಿಗೆ ಅವನೇ ಕುಳಿತಿರುತ್ತಿದ್ದ.

ಮುಂದಿನ ಪಂದ್ಯದಲ್ಲಿ ಅದೇ ಏರಿನ ಮೇಲೆ ಕಲ್ಲವ್ವ ಸಿದ್ದಗೊಂಡನ ಪಕ್ಕಕ್ಕೆ ಬಂದಳು. ಊಟ ಆತೇನಣ್ಣಾ ಎಂದು ಕೇಳಿದಳು. ಸಿದ್ದಗೊಂಡ ಬಾಯಿ ತೆರೆದ, ದನಿ ಬರಲಿಲ್ಲ. ಅವಳು ತನ್ನ ಮಜ್ಜಿಗೆ ಅವನ ಕೈಗೆ ಕೊಟ್ಟಳು. ಅವನು ಕುಡಿಯುವುದನ್ನು ನೋಡಿದಳು. ಆಮೇಲೆ ಅವನನ್ನು ದಾಟಿ ಹೋದಳು.

ಭರಮಣ್ಣ ಎಲ್ಲಿ ಸತ್ತ, ಯಾವಾಗ ಸತ್ತ, ಯಾರಿಗೂ ಗೊತ್ತಿಲ್ಲ. ಅವನಿಗೆ ಗುಡಿಯಿಲ್ಲ, ಗದ್ದಿಗೆಯಿಲ್ಲ. ಆ ಸೀಮೆಯಲ್ಲಿ ಈಗ ಡಾಂಬರು ರಸ್ತೆ. ಸೈಕಲ್ಲುಗಳು ಹಗುರ. ಆದರೂ ಅಲ್ಲಿಯ ಪಂದ್ಯದಲ್ಲಿ ಮುಂದಿನವರನ್ನು ಸುಮ್ಮನೆ ದಾಟಿ ಹೋಗುವವರಿಲ್ಲ. ಪಕ್ಕಕ್ಕೆ ಬಂದು, ಊಟ ಆತೇನು ಎಂದು ಕೇಳಬೇಕು. ಉತ್ತರ ಬಂದರೆ ದಾಟಬಹುದು. ಬಾರದಿದ್ದರೆ ಮೊದಲು ತನ್ನ ನೀರು ಕೊಡಬೇಕು.