ಸೀತಕ್ಕ ಎದ್ಲಾ

"ಗುರುಗಳೇ, ಕೋಪ ಇಳೀತಾ ಅಂತ ಒಬ್ಬರನ್ನ ಎಷ್ಟು ಸಲ ಕೇಳಬಹುದು?" ಅಂತ ಶಿಷ್ಯ ಕೇಳಿದ.

"ಯಾರ ಕೋಪ?"

"ಹೆಂಡ್ತಿದು. ನಾನೊಂದು ಮಾತಂದೆ, ಅವಳು ಅವರಮ್ಮನ ಮನೆಗೆ ಹೋದ್ಲು. ಕ್ಷಮಿಸು ಅಂದೆ. ಯೋಚನೆ ಮಾಡೋಕೆ ಬಿಡಿ, ನಾನೇ ಹೇಳ್ತೀನಿ ಅಂದ್ಲು. ಬಿಟ್ಟಿದೀನಿ. ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ ಫೋನ್ ಮಾಡಿ ಕೋಪ ಹೋಯ್ತಾ ಅಂತ ಕೇಳ್ತೀನಿ, ಅಷ್ಟೇ. ನಿನ್ನೆಯಿಂದ ಫೋನ್ ಎತ್ತುತ್ತಾನೇ ಇಲ್ಲ. ಇವತ್ತು ಬಸ್ ಹತ್ತಿ ಬಾಗಿಲಿಗೇ ಹೋಗಿ ಕೇಳಿಬಿಡೋಣ ಅಂತಿದೀನಿ. ಹೋಗ್ಲಾ?"

ಗುರುಗಳು ಹೋಗು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. "ಅಣಬೆ ಬೆಳೆಯೋಕೆ ಹೋದವನೊಬ್ಬನ ಕತೆ ಇದೆ, ಕೇಳ್ತೀಯಾ?" ಅಂದರು.

ಶಿಷ್ಯ ಆ ಕಡೆ ಈ ಕಡೆ ನೋಡಿದ. "ಮಠದಲ್ಲಿ ಅಣಬೆ ಹೆಸರೆತ್ತಬಹುದಾ?"

"ತಿನ್ನಬಾರದು ಅಂತಾರೆ. ಕಿವಿಗೆ ಮಡಿ ಇಲ್ಲ. ಕೂತ್ಕೋ."

ಶಿಷ್ಯ ಕೂತ. ಗುರುಗಳು ಹೇಳಿದರು.

ಒಬ್ಬನಿದ್ದ. ಯಾವ ಕೆಲಸ ಹಿಡಿದರೂ ಅವನ ಕೈಲಿ ನಿಲ್ಲುತ್ತಿರಲಿಲ್ಲ. ಜೇನು ಸಾಕಿದ. ಹುಳ ಹಾರಿಹೋಯ್ತು, ಪೆಟ್ಟಿಗೆ ಉಳೀತು. ಗೌಜಲ ಹಕ್ಕಿ ಸಾಕಿದ. ಬೆಕ್ಕು ದುಂಡಗಾಯ್ತು.

ಅವನ ಮಾವನಿಗೆ ಸಿಮೆಂಟ್ ಅಂಗಡಿ ಇತ್ತು. ಅಂಗಡೀಲಿ ಒಂದು ಖಾಲಿ ಕುರ್ಚಿ ಇತ್ತು. ಮಾವ ಬಂದಾಗೆಲ್ಲ ಆ ಕುರ್ಚಿ ಮಾತು ಎತ್ತುತ್ತಿದ್ದ. ಅಳಿಯನಿಗೆ ಅದನ್ನ ನೆನೆಸಿಕೊಂಡರೇ ಉಸಿರು ಕಟ್ಟುತ್ತಿತ್ತು. ಒಮ್ಮೆ ಅಲ್ಲಿ ಕೂತರೆ ಮತ್ತೆ ನಾಲ್ಕು ಜನ ಎತ್ತಿಕೊಂಡು ಹೋಗೋವಾಗಲೇ ಏಳೋದು ಅಂತ ಅವನಿಗೆ ಗೊತ್ತಿತ್ತು.

ಕೊನೆಗೆ ಅವನು ಶಿಟಾಕೆಗೆ ಕೈ ಹಾಕಿದ. ಅದು ಜಪಾನ್ ಕಡೆಯ ಅಣಬೆ. ಮರದ ದಿಮ್ಮಿ ಮೇಲೆ ಬರುತ್ತೆ. ದಿಮ್ಮಿಗೆ ತೂತು ಕೊರೆದು, ಬೀಜ ತುಂಬಿ, ಮೇಣ ಮೆತ್ತಿ, ನೆರಳಲ್ಲಿ ಇಡಬೇಕು. ಬೀಜ ಬಿಳಿ ನೂಲಿನ ಹಾಗೆ ಮರದೊಳಗೆಲ್ಲ ಹಬ್ಬುತ್ತೆ. ಹೊರಗಿಂದ ನೋಡಿದರೆ ಸೌದೆ.

ಬೀಜ ಕೊಟ್ಟ ಹೆಂಗಸು ಹೇಳಿದಳು: "ದಿಮ್ಮಿ ತುದಿ ಬೆಳ್ಳಗಾಗೋವರೆಗೂ ಮುಟ್ಟಬೇಡಿ. ಬೆಳ್ಳಗಾದ ಮೇಲೆ ತಣ್ಣೀರಲ್ಲಿ ನೆನೆಸಿ. ತೆಗೆದು ಜೋರಾಗಿ ತಟ್ಟಿ, ಒಂದೇ ಸಲ. ಎದ್ದು ಬರುತ್ತೆ."

"ಅಲ್ಲೀತನಕ ನಾನೇನು ಮಾಡ್ಲಿ?"

"ಏನೂ ಮಾಡಬೇಡಿ."

"ಏನೂ ಅಂದ್ರೆ?"

"ಏನೂ ಅಂದ್ರೆ ಏನೂ ಇಲ್ಲ ಸ್ವಾಮಿ. ಮನೆಗೆ ಹೋಗಿ."

ಮಾವನಿಗೆ ಸುದ್ದಿ ಮುಟ್ಟಿತು. "ಆಗ್ಲಿ ಅಳಿಯಂದ್ರೇ, ಬರೋ ವರ್ಷ ದೀಪಾವಳಿಗೆ ಬರ್ತೀನಿ. ಒಂದೇ ಒಂದು ಅಣಬೆ ತೋರಿಸಿ, ಕುರ್ಚಿ ಮಾತು ಅಲ್ಲಿಗೆ ಬಿಡ್ತೀನಿ. ತೋರಿಸ್ಲಿಲ್ವೋ, ನನ್ನ ಜೊತೆನೇ ಹೊರಡಬೇಕು" ಅಂದ. ಅಳಿಯ ಒಪ್ಪಿದ. ಒಪ್ಪದೆ ಬೇರೆ ದಾರಿ ಇರಲಿಲ್ಲ.

ಅವನ ತಾಯಿಗೆ ಶಿಟಾಕೆ ಅನ್ನೋಕೆ ನಾಲಿಗೆ ತಿರುಗುತ್ತಿರಲಿಲ್ಲ. ಸೀತಕ್ಕ ಅಂತಿದ್ದಳು. ದಿನಾ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು, "ಸೀತಕ್ಕ ಎದ್ಲೇನೋ?"

"ಇಲ್ಲಮ್ಮ."

"ಎಂಥಾ ನಿದ್ದೆಯೋ ಅವಳದ್ದು. ಇದ್ದಾಳೋ ಇಲ್ವೋ ನೋಡು."

ತಾಯಿ ತಮಾಷೆಗೆ ಅಂದಿದ್ದು. ಅವನಿಗೆ ಅದು ಹೊಟ್ಟೆಯೊಳಗೆ ಕೂತುಬಿಡ್ತು. ಒಳಗೆ ಇದೆಯೋ, ಸತ್ತೇಹೋಗಿದೆಯೋ? ನೋಡೋಣ ಅಂದರೆ ಕಣ್ಣಿಗೆ ತೊಗಟೆ ಬಿಟ್ಟು ಏನೂ ಕಾಣಲ್ಲ. ಒಂದು ಬೆಳಿಗ್ಗೆ ತಡೆಯೋಕಾಗದೆ ಒಂದು ದಿಮ್ಮಿಯನ್ನ ಬೆರಳಲ್ಲಿ ಮೆಲ್ಲಗೆ ತಟ್ಟಿದ. ಏನೂ ಆಗಲಿಲ್ಲ. ಆದರೆ ಎದೆ ಹಗುರಾಯ್ತು. ಕಾಫಿ ಕುಡಿದು ಲೋಟ ಕೆಳಗಿಡೋವರೆಗೂ ಹಗುರಾಗೇ ಇತ್ತು. ಆಮೇಲೆ ಮತ್ತೆ ಭಾರ ಆಯ್ತು.

ಮಾರನೇ ದಿನ ಎಲ್ಲ ದಿಮ್ಮಿಗಳನ್ನೂ ತಟ್ಟಿದ. ಆ ಹಗುರ ಸ್ನಾನದವರೆಗೆ ತಡೀತು. ಬೆರಳು ಸಾಲದೆ ಅಂಗೈಲಿ ತಟ್ಟಿದ. ಅಂಗೈ ಸಾಲದೆ ಕೊಡತಿ ತಂದ. ಬೆಳ್ಳಗಾಗೋ ಮೊದಲೇ ನೀರಿಗೂ ಹಾಕಿದ. ತೆಗೆದ, ಒಣಗಿಸಿದ, ಮತ್ತೆ ಹಾಕಿದ.

ಹೆಂಡತಿ ಅಂದಳು, "ರೀ, ನೀವು ತಟ್ಟೋ ಸದ್ದಿಗೆ ಪಕ್ಕದ ಮನೆಯವರು ಬಂದು ಬಾಗಿಲು ತೆಗೀತಾರೆ. ಸೀತಕ್ಕ ಒಬ್ಬಳೇ ತೆಗೀತಿಲ್ಲ."

"ನಿಮ್ಮಪ್ಪನ ಕುರ್ಚೀಲಿ ಕೂರೋದು ನೀನಾ ನಾನಾ?"

ಹೆಂಡತಿ ಸುಮ್ಮನಾದಳು. ತಾಯಿಯೂ ಕೂಗೋದು ಬಿಟ್ಟಳು. ಯಾರೂ ಕೇಳದೆ ಇದ್ದದ್ದಕ್ಕೆ ಅವನಿಗೆ ಇನ್ನೂ ದಿಗಿಲಾಯ್ತು. ತಟ್ಟೋದು ಹೆಚ್ಚಾಯ್ತು.

ನೆನೆದೂ ನೆನೆದೂ, ಏಟು ತಿಂದೂ ತಿಂದೂ ದಿಮ್ಮಿಗಳ ತೊಗಟೆ ಸಡಿಲಾಯ್ತು. ಸುಲಿದು ಬಿತ್ತು. ತೊಗಟೆ ಹೋದ ದಿಮ್ಮಿ ಬಿಸಿಲಿಗೆ ಒಣಗುತ್ತೆ. ಒಣಗಿದ ದಿಮ್ಮೀಲಿ ಬೀಜ ಉಳಿಯಲ್ಲ. ಒಂದೊಂದಾಗಿ ಬಚ್ಚಲ ಒಲೆಗೆ ಹೋದವು. ಮನೆಯವರೆಲ್ಲ ಬಿಸಿಬಿಸಿ ನೀರು ಹೊಯ್ದುಕೊಂಡರು. ಯಾರೂ ನಗಲಿಲ್ಲ.

ದೀಪಾವಳಿ ಬಂತು. ಒಂದೇ ದಿಮ್ಮಿ ಉಳಿದಿತ್ತು. ಮಾವನೂ ಬಂದ. ಹೋಳಿಗೆ ತಿಂದ, ತುಪ್ಪ ಸಾಲದು ಅಂತ ಇನ್ನೊಂದು ತಿಂದ. ಕೈ ತೊಳೆದು ಹಿತ್ತಲಿಗೆ ಬಂದು ನಿಂತ.

"ಎಲ್ಲಿ ಅಳಿಯಂದ್ರೇ ನಿಮ್ಮ ಅಣಬೆ?"

"ಈಗ ಬರುತ್ತೆ ಮಾವ."

"ಈಗ ಅಂದ್ರೆ? ಬಸ್ ಬರೋ ಹಾಗೆ ಬರುತ್ತಾ?"

ಅಳಿಯ ದಿಮ್ಮಿಯ ತುದಿ ನೋಡಿದ. ಬೆಳ್ಳಗಾಗಿರಲಿಲ್ಲ. ಆದರೂ ಕೊಡತಿ ಎತ್ತಿದ. ತಟ್ಟಿದ. ಇನ್ನೊಂದು ಸಲ ತಟ್ಟಿದ. ಮಾವ ಗಡಿಯಾರ ನೋಡಿಕೊಂಡ. ಅಳಿಯ ದಿಮ್ಮಿಯನ್ನ ತಲೆ ಮೇಲಕ್ಕೆ ಎತ್ತಿ ಒಗೆಯೋ ಕಲ್ಲಿಗೆ ಅಪ್ಪಳಿಸಿದ.

ದಿಮ್ಮಿ ಉದ್ದಕ್ಕೆ ಸೀಳಿ ಎರಡು ಹೋಳಾಯ್ತು.

ಮಾವ ಬಗ್ಗಿ ನೋಡಿದ. "ಇದೇನು ಅಳಿಯಂದ್ರೇ, ಒಳಗೆಲ್ಲ ಕೊಬ್ಬರಿ ಥರ ಬೆಳ್ಳಗಿದೆ?"

ಹೌದು, ಒಳಗೆಲ್ಲ ಬೆಳ್ಳಗಿತ್ತು. ಹಸಿ ಅಣಬೆ ವಾಸನೆ ಗಮ್ಮಂತ ಬಂತು. ಆ ಬಿಳಿ ತುದಿ ಹತ್ತಿರದವರೆಗೂ ಬಂದಿತ್ತು. ಹೊರಗೆ ಕಾಣೋಕೆ ಒಂದು ಬೆರಳಗಲ ಬಾಕಿ ಇತ್ತು.

ಅಳಿಯ ಕುಕ್ಕರಗಾಲಲ್ಲಿ ಕೂತ. ಒಂದು ಹೋಳನ್ನ ಮಡಿಲಲ್ಲಿ ಇಟ್ಟುಕೊಂಡ. ಬಿಳಿಯನ್ನ ನೋಡಿದ. ಮೂಸಿದ. ಆಮೇಲೆ ಅದನ್ನ ಅಂಗೈಲಿ ಮೆಲ್ಲಗೆ ತಟ್ಟಿದ. ಮತ್ತೆ ತಟ್ಟಿದ. ಮಾವ ಭುಜ ಹಿಡಿದು ಎಬ್ಬಿಸೋವರೆಗೂ ತಟ್ಟುತ್ತಲೇ ಇದ್ದ.

ಹಬ್ಬ ಕಳೆದ ಮಾರನೇ ದಿನ ಅವನು ಸಿಮೆಂಟ್ ಅಂಗಡಿ ಕುರ್ಚೀಲಿ ಕೂತ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯೋಕಾಗಲಿಲ್ಲ. "ಅಲ್ಲ ಗುರುಗಳೇ, ಅಲ್ಲೀವರೆಗೆ ತಟ್ಟಿದ್ದು ಸರಿ, ಒಳಗೆ ಜೀವ ಇದೆಯೋ ಇಲ್ವೋ ಅನ್ನೋ ಅನುಮಾನ. ಒಡೆದುಹೋಯ್ತು, ಇತ್ತು ಅಂತ ಕಣ್ಣಾರೆ ಕಂಡ. ಇನ್ನೇನು ಎದ್ದು ಬರುತ್ತೆ ಅಂತ ಮತ್ತೆ ತಟ್ಟಿದ, ಪೆದ್ದ?"

"ಮೊದಲ್ನೇ ದಿನದಿಂದಲೂ ಅವನು ತಟ್ಟುತ್ತಿದ್ದಿದ್ದು ಸೀತಕ್ಕನ್ನ ಎಬ್ಬಿಸೋಕಲ್ಲಪ್ಪ, ತನ್ನ ಭಯಾನ ಮಲಗಿಸೋಕೆ" ಅಂದರು ಗುರುಗಳು.

ಬಸ್ಸಿನ ಹೊತ್ತು ಮೀರಿತು. ಶಿಷ್ಯ ಕೂತೇ ಇದ್ದ.