ಹೆಂಚಿನ ಮನೆಯವನ ಭಟ್ಟಿ

"ಗುರುಗಳೇ, ಇನ್ನು ನನ್ನ ಪಾಪ ತೀರಿತಲ್ಲವೇ?" ಎಂದು ಶಿಷ್ಯ ಶಂಭುಲಿಂಗಪ್ಪ ಕೇಳಿದ. ಅವನದು ಸಿಮೆಂಟ್ ಕಾರ್ಖಾನೆ. "ನಮ್ಮಂಥವರ ಹೊಗೆಯಿಂದ ಭೂಮಿ ಬಿಸಿಯಾಗುತ್ತಿದೆಯಂತೆ. ಇಂಗಾಲ ಕಡಿಮೆ ಮಾಡಿ ಎನ್ನುತ್ತಾರೆ. ಕಾರ್ಖಾನೆಯಲ್ಲಿ ಕಡಿಮೆ ಮಾಡಿದರೆ ನನಗೆ ನಷ್ಟ. ಅದಕ್ಕೆ ಗುಡ್ಡದ ಹಳ್ಳಿಯವರಿಗೆ ಹಣ ಕೊಟ್ಟು ಅವರ ಸೌದೆ ಒಲೆ ಬಿಡಿಸಿದೆ. ಅವರು ಬಿಡದ ಹೊಗೆಯೆಲ್ಲ ನನ್ನ ಲೆಕ್ಕಕ್ಕೆ ಜಮಾ."

ಗುರುಗಳ ಮುಖ ಕೆಂಪಾಯಿತು. "ಭಲೇ ಬುದ್ಧಿವಂತ! ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು.

ಒಂದು ಊರು. ಎಲ್ಲರದೂ ಹುಲ್ಲಿನ ಗುಡಿಸಲು. ಬೇಸಿಗೆ ಬಂತೆಂದರೆ ಹಗಲೆಲ್ಲ ಗಾಳಿ. ಒಂದು ಕಿಡಿ ಹಾರಿದರೂ ಊರೇ ಬೂದಿ. ಅದಕ್ಕೆ ಹಿರಿಯರು ಒಂದು ಕಟ್ಟು ಮಾಡಿದ್ದರು. ಗಾಳಿಯ ದಿನಗಳಲ್ಲಿ ಬೆಳಕು ಹರಿಯುವ ಮೊದಲೇ ಅಡುಗೆ ಮುಗಿಸಿ ಒಲೆಗೆ ನೀರು ಹೊಯ್ಯಬೇಕು. ತಳವಾರ ತಮಟೆ ಹೊಡೆದ ಮೇಲೆ ಯಾರ ಮನೆಯಲ್ಲೂ ಬೆಂಕಿ ಇರಕೂಡದು. ಜ್ವರ ಬಂದವರಿಗೂ ಹಗಲು ತಂಗಳೇ ಗತಿ. ಆದರೂ ಯಾರೂ ಗೊಣಗುತ್ತಿರಲಿಲ್ಲ.

ಆ ಊರಲ್ಲಿ ಒಬ್ಬ ವ್ಯಾಪಾರಿಯ ಮಂಡಕ್ಕಿ ಭಟ್ಟಿ ಇತ್ತು. ಹೆಂಚಿನ ಮನೆ ಇದ್ದದ್ದು ಅವನೊಬ್ಬನಿಗೇ. ಬೇಸಿಗೆಯಲ್ಲಿ ಮಂಡಕ್ಕಿಗೆ ಗಿರಾಕಿ ಹೆಚ್ಚು. ಹಗಲೂ ಭಟ್ಟಿ ಉರಿಸಿದರೆ ಹೇಗೆ ಎಂದು ಅವನಿಗೆ ಆಸೆ ಹುಟ್ಟಿತು. ದುರಾಸೆಗೆ ಬುದ್ಧಿ ಬಹಳ ಬೇಗ ಓಡುತ್ತದೆ. ಅವನು ಒಬ್ಬ ಬಡ ಹೆಂಗಸಿನ ಗುಡಿಸಲಿಗೆ ಹೋದ. ಅವಳಿಗೆ ಒಂದು ಹಸುಗೂಸು, ಹಾಸಿಗೆ ಹಿಡಿದ ಅತ್ತೆ.

"ನೋಡವ್ವ, ನೀನು ಬೆಳಗಿನ ಜಾವ ಒಲೆ ಹಚ್ಚಬೇಡ. ಅದಕ್ಕೆ ಬದಲಾಗಿ ನಾನು ಹಗಲಲ್ಲಿ ಭಟ್ಟಿ ಹಚ್ಚುತ್ತೇನೆ. ನಿನಗೆ ದಿನಾ ಮಂಡಕ್ಕಿ ಕೊಡುತ್ತೇನೆ. ಅದನ್ನು ತಿನ್ನುವುದಕ್ಕೆ ಒಲೆಯೇ ಬೇಡವಲ್ಲ!" ಎಂದ.

ಹೊಟ್ಟೆ ಹಸಿದಿತ್ತು. ಅವಳು ಒಪ್ಪಿದಳು. ಅತ್ತೆ ದಿನಾ ಬಿಸಿ ಗಂಜಿ ಕೇಳುತ್ತಿದ್ದಳು. ಸೊಸೆ ಮಂಡಕ್ಕಿಯನ್ನು ತಣ್ಣೀರಿನಲ್ಲಿ ನೆನೆಸಿ ಬಾಯಿಗೆ ಇಡುತ್ತಿದ್ದಳು.

ಊರ ಗೌಡ ಬಂದು ನೋಡಿದ. "ಒಂದು ಬೆಂಕಿ ಆರಿದೆ, ಒಂದು ಹೊತ್ತಿದೆ. ಕಟ್ಟು ಮುರಿದ ಹಾಗಾಗಲಿಲ್ಲ" ಎಂದು ತಲೆದೂಗಿದ. ಅವನ ಮನೆಗೂ ಒಂದು ಚೀಲ ಮಂಡಕ್ಕಿ ಹೋಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಥೂ!

ಒಂದು ಮಧ್ಯಾಹ್ನ ಗಾಳಿ ಜೋರಾಯಿತು. ಭಟ್ಟಿಯಿಂದ ಕಿಡಿ ಹಾರಿತು. ಹೆಂಚಿನ ಮೇಲೆ ಬಿದ್ದ ಕಿಡಿ ಅಲ್ಲೇ ಆರಿಹೋಯಿತು. ಆ ಹೆಂಗಸಿನ ಗುಡಿಸಲಿನ ಮೇಲೆ ಬಿದ್ದದ್ದು ಹೊತ್ತಿಕೊಂಡಿತು. ಅವಳು ಕೂಸನ್ನು ಎತ್ತಿಕೊಂಡು ಹೊರಗೆ ಓಡಿದಳು. ಕೂಸನ್ನು ನೆರೆಯವಳ ಕೈಗೆ ಕೊಟ್ಟು ಅತ್ತೆಗಾಗಿ ತಿರುಗುವಷ್ಟರಲ್ಲಿ ಸೂರು ಕುಸಿದಿತ್ತು. ಸಂಜೆಯ ಹೊತ್ತಿಗೆ ಅರ್ಧ ಊರು ಇರಲಿಲ್ಲ.

ಜನ ಹೋಗಿ ವ್ಯಾಪಾರಿಯನ್ನು ಹಿಡಿದುಕೊಂಡರು. ಅವನು ಹೆದರಲಿಲ್ಲ. "ನನ್ನ ಮೇಲೇಕೆ ಸಿಟ್ಟು? ನನ್ನ ಭಟ್ಟಿ ಉರಿಯುವಾಗ ಇವಳ ಒಲೆ ಆರಿರಲಿಲ್ಲವೇ? ಬೇಕಾದರೆ ಇವಳನ್ನೇ ಕೇಳಿ. ನನ್ನ ಲೆಕ್ಕ ಸರಿಯಾಗಿದೆ" ಎಂದ.

ಆ ಹೆಂಗಸು ಎದ್ದು ನಿಂತಳು. "ಆ ಲೆಕ್ಕವನ್ನು ಗಾಳಿಗೆ ಹೇಳಿದ್ದೆಯೇನೋ, ಪಾಪಿ? ನಿನ್ನ ಮಾತು ಕೇಳಿ ಒಲೆ ಆರಿಸಿದೆ. ನಮ್ಮತ್ತೆಗೆ ಒಂದು ಗುಟುಕು ಬಿಸಿ ಗಂಜಿ ಕೂಡ ಕುಡಿಸದೆ ಕಳಿಸಿದೆನಲ್ಲೋ!" ಎಂದು ಎದೆ ಬಡಿದುಕೊಂಡಳು.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು.

ಶಂಭುಲಿಂಗಪ್ಪನ ರಕ್ತ ಕುದಿಯಿತು. "ಎಂಥ ನೀಚ! ಅಂಥವನನ್ನು ಸುಮ್ಮನೆ ಬಿಡಬಾರದು. ಅವನಿಗೆ ಏನು ದಂಡ ಹಾಕಿದರು, ಗುರುಗಳೇ?"

"ಅದನ್ನು ನೀನೇ ಹೇಳಬೇಕಪ್ಪ, ಭಟ್ಟಿ ನಿನ್ನದು."